ಕೊಡೋಕೆ ಅಂತ ಕೊಟ್ಟ ಡಾಲರ್

ಒಂದು ಡಾಲರಿನ ನೋಟಿಗೆ ಲ್ಯಾಮಿನೇಶನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡವರನ್ನು ನೋಡಿದ್ದೀರಾ? ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ನ್ಯೂಯಾರ್ಕಿನಲ್ಲಿ ಇದ್ದಾಗ ನಮ್ಮ ಟೀಮಿನಲ್ಲಿ ಅಂಥ ಒಬ್ಬ ಇದ್ದ. ಡೇಟಾಬೇಸ್ ನೋಡಿಕೊಳ್ಳುವ ಆಸಾಮಿ. ಯಹೂದಿ, ಆದರೆ ಗಡ್ಡ ಇಲ್ಲ, ಕರಿ ಹ್ಯಾಟ್ ಇಲ್ಲ, ಶನಿವಾರ ಪ್ರೊಡಕ್ಷನ್ ಬಿದ್ದರೆ ಲಾಗಿನ್ ಆಗೋಕೂ ತಕರಾರಿಲ್ಲ. ಒಂದಿನ ಕಾಫಿಗೆ ಚಿಲ್ಲರೆ ಹುಡುಕುವಾಗ ಆ ನೋಟು ಕಣ್ಣಿಗೆ ಬಿತ್ತು. 'ಇದೊಂದು ಇದೆಯಲ್ಲೋ' ಅಂದೆ. 'ಅದು ಖರ್ಚಿಗಲ್ಲ. ನಮ್ಮಜ್ಜಿಗೆ ರೆಬ್ಬೆ ಕೊಟ್ಟಿದ್ದು' ಅಂದ. ಅಂದವನೇ ನೋಟನ್ನು ವಾಪಸ್ ಒಳಗಿಟ್ಟು, ಕಾರ್ಡ್ ಉಜ್ಜಿ ಕಾಫಿ ಕೊಡಿಸಿದ.

ರೆಬ್ಬೆ ಅಂದರೆ ಯಹೂದಿಗಳಲ್ಲಿ ಹಸೀದಿ ಪಂಥದವರ ಗುರು. ಬರೀ ಶಾಸ್ತ್ರ ಹೇಳುವ ರಬ್ಬಿ ಅಲ್ಲ. ಮಗಳ ಮದುವೆಯಿಂದ ಹಿಡಿದು ಅಂಗಡಿ ಇಡೋತನಕ ಎಲ್ಲದಕ್ಕೂ ಇವರನ್ನು ಕೇಳಬೇಕು, ಇವರ ಆಶೀರ್ವಾದ ಬೇಕು. ನಮ್ಮವನು ಹೇಳಿದ ರೆಬ್ಬೆ ಅಂದರೆ ಮೆನಾಖೆಮ್ ಮೆಂಡೆಲ್ ಶ್ನೇಯರ್ಸನ್, ಬ್ರೂಕ್ಲಿನ್ನಿನ ಖಬಾದ್ ಪಂಥದ ಏಳನೆಯವರು, ಈ ಸಾಲಿನಲ್ಲಿ ಕೊನೆಯವರು ಕೂಡ. ಖಬಾದ್ ಅನ್ನೋ ಹೆಸರು ನಮ್ಮಲ್ಲಿ ಬಹಳ ಜನರ ಕಿವಿಗೆ ಬಿದ್ದಿದ್ದು 2008ರ ನವೆಂಬರಿನಲ್ಲಿ, ಮುಂಬೈನ ನರಿಮನ್ ಹೌಸ್ ಮೇಲೆ ದಾಳಿ ಆದಾಗ. ಆ ಮನೆ ನಡೆಸುತ್ತಿದ್ದ ದಂಪತಿಯನ್ನು ಅಲ್ಲಿಗೆ ಕಳಿಸಿದ್ದು ಇದೇ ಪಂಥ.

ಈ ಶ್ನೇಯರ್ಸನ್ ಪ್ಯಾರಿಸಿನಲ್ಲಿ ಇಂಜಿನಿಯರಿಂಗ್ ಓದಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರೂಕ್ಲಿನ್ನಿನ ನೇವಿ ಯಾರ್ಡಿನಲ್ಲಿ ಕೆಲಸವನ್ನೂ ಮಾಡಿದ್ದರು. (ನನ್ನ ಹಾಗೆ ಬಿಇ ಮಾಡಿದವರಿಗೆ ಇಂಥ ವಿವರ ಸಿಕ್ಕರೆ ಏನೋ ಒಂದು ಖುಷಿ.) 1986ರಲ್ಲಿ, ಎಂಬತ್ತು ದಾಟಿದ ಮೇಲೆ, ಪ್ರತಿ ಭಾನುವಾರ ಮನೆ ನಂಬರ್ 770, ಈಸ್ಟರ್ನ್ ಪಾರ್ಕ್‌ವೇ ಅನ್ನೋ ಕಟ್ಟಡದಲ್ಲಿ ನಿಂತುಕೊಂಡು ಬಂದವರಿಗೆಲ್ಲ ಒಂದೊಂದು ಡಾಲರ್ ಕೊಡೋಕೆ ಶುರು ಮಾಡಿದರು. ನಿಂತುಕೊಂಡು, ಗಂಟೆಗಟ್ಟಲೆ, ಸಾವಿರಾರು ಜನಕ್ಕೆ. ಸಾಲು ಬೀದಿ ದಾಟಿ ಹೋಗುತ್ತಿತ್ತಂತೆ. ಪ್ರತಿಯೊಬ್ಬರಿಗೂ ಸಿಗೋದು ಕೆಲವೇ ಸೆಕೆಂಡು. ಒಂದು ನೋಟ, ಒಂದು ಹಾರೈಕೆ, ಒಂದು ನೋಟು. 1992ರಲ್ಲಿ ಪಾರ್ಶ್ವವಾಯು ಹೊಡೆಯುವ ತನಕ ಇದು ನಡೆಯಿತು. 1994ರಲ್ಲಿ ತೀರಿಕೊಂಡರು.

ಡಾಲರ್ ಯಾಕೆ? ಇಬ್ಬರು ಭೇಟಿಯಾದರೆ ಅದರಿಂದ ಮೂರನೆಯವನಿಗೆ ಒಂದು ಒಳ್ಳೇದಾಗಬೇಕು ಅನ್ನೋದು ಅವರ ಮಾವ, ಅಂದರೆ ಆರನೇ ರೆಬ್ಬೆ, ಹೇಳಿಕೊಟ್ಟ ಪಾಠ. ನೀನು ನನ್ನನ್ನು ನೋಡೋಕೆ ಬಂದೆ, ಸರಿ. ಈ ಡಾಲರ್ ತಗೊಂಡು ಹೋಗಿ ಯಾರಾದರೂ ಇಲ್ಲದವರಿಗೆ ಕೊಡು. ಅಂದರೆ ಅವರು ಕೊಡುತ್ತಿದ್ದದ್ದು ಕಾಣಿಕೆ ಅಲ್ಲ, ಒಂದು ಕೆಲಸ.

ಜನ ಏನು ಮಾಡಿದರು ಗೊತ್ತಲ್ಲ. ಜೇಬಿನಿಂದ ಬೇರೆ ಡಾಲರ್ ತೆಗೆದು ದಾನದ ಡಬ್ಬಿಗೆ ಹಾಕಿ, ರೆಬ್ಬೆ ಮುಟ್ಟಿದ ನೋಟನ್ನು ಮನೆಗೆ ತಗೊಂಡು ಹೋದರು. ಮೇಲೆ ತಾರೀಖು ಬರೆದರು, ಫ್ರೇಮ್ ಹಾಕಿಸಿದರು, ಲ್ಯಾಮಿನೇಶನ್ ಮಾಡಿಸಿದರು. ಲೆಕ್ಕ ಸರಿಯಾಯ್ತು, ಬಡವನಿಗೂ ಒಂದು ಡಾಲರ್ ಸಿಕ್ತು, ಯಾರಿಗೂ ನಷ್ಟವಿಲ್ಲ. ಆದರೂ ನನ್ನ ತಲೆಯಲ್ಲಿ ಇದು ಹುಳ ಬಿಟ್ಟಿತು. ಜಗತ್ತಿನಲ್ಲಿ ಒಂದರ ಬದಲು ಇನ್ನೊಂದು ಇಟ್ಟರೆ ಏನೂ ವ್ಯತ್ಯಾಸ ಆಗಬಾರದು ಅಂತಲೇ ಮಾಡಿದ ವಸ್ತು ಯಾವುದಾದರೂ ಇದ್ದರೆ ಅದು ನೋಟು. ನಿಮ್ಮ ನೂರು ರೂಪಾಯಿ, ನನ್ನ ನೂರು ರೂಪಾಯಿ, ಎರಡೂ ಒಂದೇ. ಅಂಥ ಒಂದು ಕಾಗದ ಐದು ಸೆಕೆಂಡು ಒಬ್ಬ ಮುದುಕರ ಕೈಯಲ್ಲಿ ಇದ್ದಿದ್ದಕ್ಕೆ, ಅದರ ಬದಲು ಬೇರೆ ಯಾವುದೂ ಆಗೋದಿಲ್ಲ ಅನ್ನೋ ಹಾಗೆ ಆಗಿಬಿಟ್ಟಿತಲ್ಲ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ಇದು ಹೊಸದೇನಲ್ಲ ಅಂತ. ಹಸೀದಿಗಳು ಪೋಲೆಂಡು, ಉಕ್ರೇನುಗಳಲ್ಲಿದ್ದ ಕಾಲದಿಂದ ರೆಬ್ಬೆ ಹರಸಿ ಕೊಟ್ಟ ಬೆಳ್ಳಿ ನಾಣ್ಯವನ್ನು ರಕ್ಷೆ ಅಂತ ಇಟ್ಟುಕೊಳ್ಳುತ್ತಿದ್ದರು. ಅಂಥವನ್ನು ಕೂಡಿಸಿ, ಕರಗಿಸಿ, ಶುಕ್ರವಾರ ಸಂಜೆಯ ದ್ರಾಕ್ಷಾರಸದ ಬಟ್ಟಲು ಮಾಡಿಸಿಕೊಂಡವರೂ ಇದ್ದಾರೆ. ನಾಣ್ಯ ಕರಗಿದರೂ ಹಾರೈಕೆ ಕರಗಲಿಲ್ಲ ಅನ್ನೋ ಲೆಕ್ಕ. ಇನ್ನು ಶಿರಾಯಿಮ್ ಅಂತ ಒಂದಿದೆ. ರೆಬ್ಬೆ ಎಲ್ಲರ ಜೊತೆ ಊಟಕ್ಕೆ ಕೂತಾಗ ತಟ್ಟೆಯಿಂದ ಒಂದೆರಡು ತುತ್ತು ತಿಂದು ಉಳಿಸಿದ್ದಕ್ಕೆ ಗಂಡಸರು ಮೇಜಿನ ಮೇಲೆ ಬಿದ್ದು ಕೈ ಚಾಚುತ್ತಾರೆ. ನಮ್ಮ ಪ್ರಸಾದ ಅಂದುಕೊಳ್ಳಿ. ಎಂಜಲು ಅಂದ ತಕ್ಷಣ ನಮ್ಮೂರ ಕಡೆಯವರ ತಲೆಗೆ ಬೇರೆ ಬೇರೆ ವಿಷಯ ಬರ್ತವೆ, ಆ ಜಗಳ ಇಲ್ಲಿ ಬೇಡ.

ಒಂದು ವಿಷಯ ಮಾತ್ರ ಇವರಲ್ಲಿ ಇಲ್ಲ. ಮೂಳೆ, ಹಲ್ಲು ಇಟ್ಟು ಪೂಜಿಸುವುದು. ಕ್ಯಾಥೊಲಿಕ್ ಚರ್ಚುಗಳಲ್ಲಿ ಸಂತರ ಎಲುಬು ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದಲ್ಲ, ಯಹೂದಿ ಧರ್ಮದಲ್ಲಿ ಅದು ಆಗದ ಮಾತು. ಹೆಣ ಅಂದರೆ ಮೈಲಿಗೆ, ಅದು ಮಣ್ಣಿಗೆ ಹೋಗಬೇಕು ಅಷ್ಟೇ. ಹಾಗಾಗಿ ಇಲ್ಲಿ ಉಳಿಯೋದು ಮೈ ಅಲ್ಲ, ಮೈ ಬಳಸಿದ್ದು. ಪೈಪು, ನಶ್ಯದ ಡಬ್ಬಿ, ಊರುಗೋಲು, ಸೊಂಟದ ಪಟ್ಟಿ, ಪ್ರಾರ್ಥನೆ ಪುಸ್ತಕ, ಕುರ್ಚಿ.

ಇದರ ಹಿಂದೆ ಒಂದು ಸಿದ್ಧಾಂತ ಇದೆ. ಹದಿನಾರನೇ ಶತಮಾನದಲ್ಲಿ ಗಲಿಲಿಯ ಸಫೇದ್ ಊರಲ್ಲಿದ್ದ ಇಸಾಕ್ ಲೂರಿಯಾ ಹೇಳಿದ್ದು, ಸೃಷ್ಟಿಯ ಹೊತ್ತಿಗೆ ದೈವಿಕ ಬೆಳಕನ್ನು ಹಿಡಿದಿಡಬೇಕಿದ್ದ ಪಾತ್ರೆಗಳು ಒಡೆದುಹೋದವು, ಕಿಡಿಗಳು ಎಲ್ಲ ಕಡೆ ಚೆಲ್ಲಿ ವಸ್ತುಗಳ ಒಳಗೆ ಸೇರಿಕೊಂಡವು ಅಂತ. ಹದಿನೆಂಟನೇ ಶತಮಾನದಲ್ಲಿ ಹಸೀದಿ ಪಂಥ ಹುಟ್ಟುಹಾಕಿದ ಬಾಲ್ ಶೆಮ್ ತೋವ್ ಮತ್ತು ಅವರ ಶಿಷ್ಯರು ಇದನ್ನು ಹಟ್ಟಿ, ಅಡುಗೆಮನೆತನಕ ತಂದರು. ಉಣ್ಣುವ ಅನ್ನದಲ್ಲಿ, ಸೇದುವ ಪೈಪಿನಲ್ಲಿ, ಕೂರುವ ಕುರ್ಚಿಯಲ್ಲಿ ಕಿಡಿ ಇದೆ. ಸರಿಯಾದ ಮನಸ್ಸಿನಿಂದ ಬಳಸಿದರೆ ಅದನ್ನು ಮೇಲೆತ್ತಬಹುದು. ದೊಡ್ಡವರು ದಿನಾ ಬಳಸಿದ ವಸ್ತು ಬರೀ ವಸ್ತು ಅಲ್ಲ ಅನ್ನೋದು ಇಲ್ಲಿಂದಲೇ ಬಂತು. ವಿಲ್ನಾ ಊರಿನ ಮಹಾಪಂಡಿತರು ಮತ್ತು ಅವರ ಕಡೆಯವರು ಇಂಥದ್ದನ್ನೆಲ್ಲ ನೋಡಿ ಸಿಟ್ಟಾಗಿ 1772ರಲ್ಲಿ ಹಸೀದಿಗಳಿಗೆ ಬಹಿಷ್ಕಾರ ಹಾಕಿದ್ದೂ ಉಂಟು. ಮನುಷ್ಯನನ್ನು ಹೀಗೆ ಹೊತ್ತು ಮೆರೆಸಬಾರದು ಅನ್ನೋದು ಅವರ ಆಕ್ಷೇಪಗಳಲ್ಲಿ ಒಂದು. ಆ ಆಕ್ಷೇಪದಲ್ಲಿ ಹುರುಳಿಲ್ಲ ಅಂತ ನಾನಂತೂ ಹೇಳಲಾರೆ.

ಕುರ್ಚಿ ಅಂದೆನಲ್ಲ, ಅದರದ್ದು ಒಂದು ದೊಡ್ಡ ಕಥೆ. ಬಾಲ್ ಶೆಮ್ ತೋವ್ ಅವರ ಮರಿಮಗ, ಬ್ರೆಸ್ಲೋವಿನ ರಬ್ಬಿ ನಾಖ್ಮನ್. 1808ರಲ್ಲಿ ತೆಪ್ಲಿಕ್ ಊರಿನ, ಧರ್ಮದ ಪ್ರಕಾರ ಪ್ರಾಣಿ ಕೊಯ್ಯುವ ಕಸುಬಿನವನೊಬ್ಬ, ಇವರಿಗಾಗಿ ಕೆತ್ತನೆಯ ಕುರ್ಚಿಯೊಂದನ್ನು ಮಾಡಿ ತಂದುಕೊಟ್ಟ. ಅದೇ 1808ರಲ್ಲಿ ನಾಖ್ಮನ್ ತಾವೇ ಬರೆಸಿದ ಒಂದು ಪುಸ್ತಕವನ್ನು ಸುಡಿಸಿದರು. ಅದಕ್ಕೆ ಇವತ್ತಿಗೂ 'ಸುಟ್ಟ ಪುಸ್ತಕ' ಅಂತಲೇ ಹೆಸರು. ನೋಡಿ, ಸ್ವಂತ ಮಾತನ್ನೇ ಬೆಂಕಿಗೆ ಹಾಕಿದ ಮನುಷ್ಯನ ಕುರ್ಚಿ ಉಳಿಯಿತು. ಎರಡು ವರ್ಷಕ್ಕೆ, ಮೂವತ್ತೆಂಟನೇ ವಯಸ್ಸಿನಲ್ಲಿ, ಉಕ್ರೇನಿನ ಉಮಾನ್ ಊರಿನಲ್ಲಿ ಅವರು ತೀರಿಕೊಂಡರು.

ಮುಂದೆ ಉಕ್ರೇನಿನಲ್ಲಿ ಯಹೂದಿಗಳ ಮೇಲೆ ದಾಳಿಗಳಾದಾಗ ಶಿಷ್ಯರು ಆ ಕುರ್ಚಿಯನ್ನು ತುಂಡು ತುಂಡು ಮಾಡಿ ಬಚ್ಚಿಟ್ಟರು. 1930ರ ದಶಕದಲ್ಲಿ ತುಂಡುಗಳು ಜೆರುಸಲೇಮ್ ಸೇರಿದವು. ಪಂಥದವರು ಹೇಳುವ ಕಥೆ ಇದಕ್ಕಿಂತ ಚೆನ್ನಾಗಿದೆ: ಒಬ್ಬೊಬ್ಬರೂ ಒಂದೊಂದು ಚೂರು ಎದೆಗೆ ಕಟ್ಟಿಕೊಂಡು ಬೇರೆ ಬೇರೆ ದಾರಿಯಲ್ಲಿ ಓಡಿದರಂತೆ, ಒಬ್ಬರೂ ದಾರಿಯಲ್ಲಿ ಸಿಕ್ಕಿಬೀಳದೆ, ಒಂದು ಚೂರೂ ಕಳೆಯದೆ ಎಲ್ಲರೂ ಊರು ಮುಟ್ಟಿದರಂತೆ. ನೆಟ್‌ವರ್ಕಿಂಗ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ದೊಡ್ಡ ಫೈಲನ್ನು ಪ್ಯಾಕೆಟ್ ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಿ, ಆ ತುದಿಯಲ್ಲಿ ಜೋಡಿಸೋದು. ಒಂದೇ ಒಂದು ಪ್ಯಾಕೆಟ್ ಲಾಸ್ ಇಲ್ಲ! ನಡೆದದ್ದು ಹೀಗಲ್ಲದಿದ್ದರೂ, ಹೀಗೆ ನಡೆದಿರಬೇಕು ಅಂತ ಅವರಿಗೆ ಯಾಕೆ ಅನಿಸಿತು ಅನ್ನೋದು ಅರ್ಥವಾಗುತ್ತೆ. ಅಷ್ಟೊಂದು ಜನ ಸತ್ತುಹೋದ ಆ ನೆಲದಿಂದ ಒಂದಾದರೂ ಇಡಿಯಾಗಿ ಬಂತಲ್ಲ. ಕುರ್ಚಿಯನ್ನು ಮತ್ತೆ ಜೋಡಿಸಿ ಜೆರುಸಲೇಮಿನ ಮೆಯಾ ಶೆಅರಿಮ್ ಬಡಾವಣೆಯ ಬ್ರೆಸ್ಲೋವ್ ಪ್ರಾರ್ಥನಾ ಮಂದಿರದಲ್ಲಿ ಇಟ್ಟಿದ್ದಾರೆ.

ಅದರಲ್ಲಿ ಕೂರುವ ಉತ್ತರಾಧಿಕಾರಿ ಇಲ್ಲ. 1810ರ ನಂತರ ಬ್ರೆಸ್ಲೋವ್‌ನವರು ಇನ್ನೊಬ್ಬ ರೆಬ್ಬೆಯನ್ನು ಮಾಡಿಕೊಳ್ಳಲೇ ಇಲ್ಲ. ಬೇರೆ ಪಂಥದವರು ಅವರನ್ನು 'ಸತ್ತ ಹಸೀದಿಗಳು' ಅಂತ ಆಡಿಕೊಂಡಿದ್ದೂ ಇದೆ. ಖಬಾದ್‌ನವರಿಗೂ 1994ರಿಂದ ರೆಬ್ಬೆ ಇಲ್ಲ. ಬೆಲ್ಜ್, ಗೇರ್, ಸತ್ಮಾರ್‌ಗಳಲ್ಲಿ ಅಪ್ಪನ ಅಥವಾ ಚಿಕ್ಕಪ್ಪನ ಜಾಗಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ, ಹರಸೋಕೆ ಜೀವಂತ ಕೈ ಇದೆ. ಈ ಎರಡು ಪಂಥಗಳಿಗೆ ಇರೋದು ಕುರ್ಚಿ, ನೋಟು, ಸಮಾಧಿ ಮತ್ತು ಪುಸ್ತಕ. ರಾಮನ ಪಾದುಕೆ ಸಿಂಹಾಸನದ ಮೇಲೆ ಕೂತಿದ್ದು ರಾಮ ಬರೋತನಕ. ಇಲ್ಲಿ ಹದಿನಾಲ್ಕು ವರ್ಷ ಅನ್ನೋ ಗಡುವಿಲ್ಲ.

ವಸ್ತು ಗುರುವಿನದು, ಸರಿ. ಗುರು ಹೋದಮೇಲೆ ಯಾರದು? ನನಗೆ ಈ ವಿಷಯದಲ್ಲಿ ನಿಜವಾಗಿ ಕೆರಳಿಸಿದ ಪ್ರಶ್ನೆ ಇದು. ಇದರ ಬಗ್ಗೆ ಹಸೀದಿಗಳಲ್ಲೇ ಒಂದು ಹಳೇ ಕಥೆ ಇದೆ. ಲುಬ್ಲಿನ್ನಿನಲ್ಲಿ 'ಕಾಣುವವರು' ಅಂತ ಹೆಸರಾಗಿದ್ದ ರೆಬ್ಬೆ 1815ರಲ್ಲಿ ತೀರಿಕೊಂಡಾಗ ಬಟ್ಟೆ ಮತ್ತು ಗೋಡೆ ಗಡಿಯಾರ ಮಗನ ಪಾಲಿಗೆ ಬಂದವು. ಊರಿಗೆ ಹೋಗುವ ದಾರಿಯಲ್ಲಿ ಮಳೆ ಹಿಡಿದು ಮಗ ಒಂದು ಛತ್ರದಲ್ಲಿ ಸಿಕ್ಕಿಹಾಕಿಕೊಂಡ. ದಿನಗಟ್ಟಲೆ ಉಂಡ ಬಿಲ್ಲಿಗೆ ದುಡ್ಡಿಲ್ಲ. ಗಡಿಯಾರ ಬಿಟ್ಟು ಹೋದ. ಎಷ್ಟೋ ವರ್ಷದ ಮೇಲೆ ಅದೇ ಛತ್ರದಲ್ಲಿ ರಾದೋಶಿತ್ಸ್‌ನ ರೆಬ್ಬೆ ಉಳಿದುಕೊಂಡರು. ರಾತ್ರಿಯೆಲ್ಲ ಮಲಗದೆ ಕೋಣೆಯಲ್ಲಿ ಕುಣಿದರು. ಬೆಳಿಗ್ಗೆ ಛತ್ರದವನನ್ನು ಕರೆದು, ಈ ಗಡಿಯಾರ ಎಲ್ಲಿಂದ ಬಂತು ಅಂತ ಕೇಳಿದರು. ಬೇರೆ ಗಡಿಯಾರಗಳು ಗಂಟೆ ಹೊಡೆದರೆ ಸಾವಿಗೆ ಒಂದು ಗಂಟೆ ಹತ್ತಿರ ಬಂದೆ ಅಂತ ಕೇಳಿಸುತ್ತೆ, ಇದು ಹೊಡೆದರೆ ಬಿಡುಗಡೆಗೆ ಒಂದು ಗಂಟೆ ಹತ್ತಿರವಾಯ್ತು ಅಂತ ಕೇಳಿಸುತ್ತೆ, ಇದು ಲುಬ್ಲಿನ್ನಿನವರದ್ದೇ ಇರಬೇಕು ಅಂದರು. ಮಗ ಬಿಟ್ಟುಹೋದದ್ದನ್ನು ಪರರು ಕಿವಿಯಿಂದಲೇ ಗುರುತು ಹಿಡಿದರು. ಕಥೆ ಹೇಳುವವರು ಮಗನನ್ನು ಬೈಯೋದಿಲ್ಲ, ಅದು ನನಗೆ ಇಷ್ಟ.

ಇದೇ ಪ್ರಶ್ನೆ ಬ್ರೂಕ್ಲಿನ್ನಿನಲ್ಲಿ ಕೋರ್ಟು ಹತ್ತಿತು. ಖಬಾದ್‌ನ ಆರನೇ ರೆಬ್ಬೆ ಯೋಸೆಫ್ ಯಿತ್ಸ್‌ಖಾಕ್. ಸೋವಿಯತ್ ಜೈಲು ನೋಡಿ, ಪೋಲೆಂಡಿನಲ್ಲಿ ನಾಜಿ ಬಾಂಬುಗಳ ನಡುವೆ ಬದುಕಿ, 1940ರಲ್ಲಿ ಅಮೆರಿಕಕ್ಕೆ ಬಂದವರು. ಅವರಿಗೆ ಪುಸ್ತಕದ ಹುಚ್ಚು. ಹೋದಲ್ಲೆಲ್ಲ ಗ್ರಂಥಾಲಯ ಹಿಂದೆಯೇ ಬರಬೇಕು. 1950ರಲ್ಲಿ ಅವರು ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳು ಉಳಿದಿದ್ದರು. ಮೂರನೆಯವಳು ಟ್ರೆಬ್ಲಿಂಕಾದಲ್ಲಿ ಹೋಗಿದ್ದಳು. ಹಿರಿ ಮಗಳು ಹನಾಗೆ ಒಬ್ಬ ಮಗ, ಬ್ಯಾರಿ ಗುರಾರಿ. ಕಿರಿ ಮಗಳು ಖಾಯಾ ಮುಷ್ಕಾ ಮದುವೆಯಾಗಿದ್ದು ಡಾಲರ್ ಕೊಟ್ಟ ನಮ್ಮ ಏಳನೇ ರೆಬ್ಬೆಯನ್ನು. ಅವರಿಗೆ ಮಕ್ಕಳಿಲ್ಲ. ಅಂದರೆ ಇಡೀ ಮನೆತನಕ್ಕೆ ಒಬ್ಬನೇ ಮೊಮ್ಮಗ.

1985ರಲ್ಲಿ 770ರ ಗ್ರಂಥಾಲಯದ ಕಪಾಟುಗಳಲ್ಲಿ ಪುಸ್ತಕ ಕಮ್ಮಿಯಾಗುತ್ತಿರುವುದು ಗೊತ್ತಾಯಿತು. ತಗೊಂಡು ಹೋಗುತ್ತಿದ್ದವರು ಮೊಮ್ಮಗನೇ. ಸುಮಾರು 400 ಪುಸ್ತಕ. ಕೆಲವನ್ನು ಮಾರಿಯೂ ಆಗಿತ್ತು. ಅವರ ವಾದ ಸರಳ: ನಮ್ಮಜ್ಜನ ಪುಸ್ತಕ, ಅಮ್ಮ ವಾರಸುದಾರಳು, ಅಮ್ಮನ ಒಪ್ಪಿಗೆ ಇದೆ. ಪಂಥದ ವಾದ: ಇವು ರೆಬ್ಬೆಯ ಸ್ವಂತದ್ದಲ್ಲ, ಸಮುದಾಯದ್ದು.

ಈ ಜಾಗಕ್ಕೆ ಬಂದಾಗ ನನಗೆ ನಮ್ಮನೆ ನೆನಪಾಗದೆ ಇರಲಿಲ್ಲ. ನಮ್ಮಜ್ಜ ಊರಲ್ಲಿ ಕಾಮಾಲೆಗೆ ಔಷಧಿ ಕೊಡ್ತಿದ್ರು, ದುಡ್ಡು ತಗೋತಿರಲಿಲ್ಲ. ಬೇರು ಅರೆಯೋಕೆ ಒಂದು ಕರಿಕಲ್ಲು, ಅರೆದೂ ಅರೆದೂ ನಡುವೆ ಬೊಗಸೆಯಷ್ಟು ತಗ್ಗು ಬಿದ್ದಿತ್ತು. ಅಜ್ಜ ಹೋದಮೇಲೂ ಜನ ಬರುತ್ತಿದ್ದರು. 'ಅಯ್ಯಾರಿಲ್ಲ ಅಂತ ಗೊತ್ತು ಕಣವ್ವ, ಆ ಕಲ್ಲಲ್ಲಿ ಒಂದೀಟು ಜೀರಿಗೆನಾದ್ರೂ ಅರ್ದು ಕೊಡು' ಅಂತ ಅಮ್ಮನ್ನ ಕೇಳುತ್ತಿದ್ದರು. ಅಮ್ಮ ಅರೆದು ಕೊಡುತ್ತಿದ್ದಳು. ಪಾಲಾದಾಗ ಕಲ್ಲು ನೆಂಟರೊಬ್ಬರ ಭಾಗಕ್ಕೆ ಹೋಯಿತು. ಈಗದು ಬೆಂಗಳೂರಲ್ಲಿ ಅವರ ಹಾಲಿನ ಶೋಕೇಸಿನಲ್ಲಿದೆ, ಕೆಳಗಡೆಯಿಂದ ಎಲ್‌ಇಡಿ ಬೆಳಕು. ಚೆನ್ನಾಗೇ ಇಟ್ಟಿದ್ದಾರೆ. ಕದ್ದದ್ದೇನೂ ಅಲ್ಲ, ಅವರೂ ಅಜ್ಜನ ರಕ್ತವೇ. ಆದರೆ ಊರಿನವರು ಇವತ್ತಿಗೂ 'ನಮ್ ಕಲ್ಲು' ಅಂತಾರೆ. ಹಾಗಾಗಿ ಬ್ಯಾರಿ ಗುರಾರಿಯನ್ನು ಕಳ್ಳ ಅಂತ ಬೈದು ಮುಗಿಸೋಕೆ ನನಗೆ ಬಾಯಿ ಬರೋದಿಲ್ಲ. ಅಜ್ಜನ ಮನೆಗೆ ಹೋಗಿ ಅಜ್ಜನ ಪುಸ್ತಕ ತಗೊಂಡ ಮೊಮ್ಮಗ ಅವನು. ಅಜ್ಜ ತನ್ನೊಬ್ಬನ ಅಜ್ಜನಾಗಿರಲಿಲ್ಲ, ಅಲ್ಲೇ ತೊಡಕು.

ಕೋರ್ಟಿನಲ್ಲಿ ಮುಖ್ಯವಾದ ಸಾಕ್ಷಿ ಒಂದು ಕಾಗದ. 1946ರಲ್ಲಿ ಆರನೇ ರೆಬ್ಬೆ ಅಲೆಕ್ಸಾಂಡರ್ ಮಾರ್ಕ್ಸ್ ಅನ್ನೋ ವಿದ್ವಾಂಸರಿಗೆ ಬರೆದಿದ್ದರು: ಪೋಲೆಂಡಿನಲ್ಲಿ ಉಳಿದ ಪುಸ್ತಕಗಳು ಪಂಥದ ಸಂಸ್ಥೆಯದು, ಇಡೀ ಜನಾಂಗದ ಆಸ್ತಿ ಅಂತ ಅಮೆರಿಕ ಸರ್ಕಾರಕ್ಕೆ ತಿಳಿಸಿ, ತರಿಸಿಕೊಳ್ಳೋಕೆ ಸಹಾಯ ಮಾಡಿ. ಮೊಮ್ಮಗನ ಕಡೆಯವರು, ಅದು ಪುಸ್ತಕ ಬಿಡಿಸಿಕೊಳ್ಳೋಕೆ ಹೇಳಿದ ಮಾತು ಅಷ್ಟೇ ಅಂದರು. ನ್ಯಾಯಾಧೀಶ ಚಾರ್ಲ್ಸ್ ಸಿಫ್ಟನ್ ಒಪ್ಪಲಿಲ್ಲ. ಆದರೆ ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಕಾಗದವನ್ನಲ್ಲ, ಕಿರಿ ಮಗಳು ಕೊಟ್ಟ ಹೇಳಿಕೆಯನ್ನು. ಖಾಯಾ ಮುಷ್ಕಾ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವವರೇ ಅಲ್ಲ. ವಕೀಲರು ಪುಸ್ತಕ ಯಾರದು ಅಂತ ಕೇಳಿದಾಗ ಆ ಹೆಣ್ಣುಮಗಳು ಹೇಳಿದ್ದರ ತಾತ್ಪರ್ಯ ಇಷ್ಟು: ಪುಸ್ತಕಗಳು ಹಸೀದಿಗಳದ್ದು, ಯಾಕೆಂದರೆ ನಮ್ಮಪ್ಪನೇ ಹಸೀದಿಗಳವರಾಗಿದ್ದರು.

ಇದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆ. ಮಗಳು ಹೇಳಿದ ಮಾತಲ್ವಾ ಇದು. ಅಪ್ಪ ನನಗೆ ಅಪ್ಪನಾಗುವ ಮೊದಲು ಇವರೆಲ್ಲರಿಗೆ ಸೇರಿದ್ದ ಅಂತ ಒಪ್ಪಿಕೊಳ್ಳೋದು, ಅದೂ ಅಕ್ಕನಿಗೆ ಎದುರಾಗಿ ನಿಂತು. ಪಂಥದವರು ಇದನ್ನು ಗೆಲುವಿನ ಮಾತಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಗೆಲುವಿಗಿಂತ ಬೇರೆ ಏನೋ ಕೇಳಿಸುತ್ತೆ.

1987ರ ಜನವರಿ 6ರಂದು ತೀರ್ಪು ಪಂಥದ ಪರವಾಗಿ ಬಂತು. ಬ್ರೂಕ್ಲಿನ್ನಿನ ಬೀದಿಯಲ್ಲಿ ಕುಣಿದರು. ಯಹೂದಿ ಪಂಚಾಂಗದ ಆ ದಿನವನ್ನು ಈಗಲೂ ಆಚರಿಸುತ್ತಾರೆ. ಏಳನೇ ರೆಬ್ಬೆ ಮಾತ್ರ ಕುಣಿತವನ್ನು ಬೇರೆ ಕಡೆ ತಿರುಗಿಸಿದರು. ಪುಸ್ತಕ ಗೆದ್ದಿದೆ ಅಂದರೆ ಪುಸ್ತಕ ಓದಿ, ಹೊಸದು ಕೊಳ್ಳಿ, ಹರಿದದ್ದಿದ್ದರೆ ರಟ್ಟು ಕಟ್ಟಿಸಿ ಅಂದರು. ಮತ್ತೆ ಅದೇ ಡಾಲರಿನ ತರ್ಕ: ಇಟ್ಟುಕೊಳ್ಳಬೇಡ, ನಡೆಸು.

ಇನ್ನೊಂದು ಗ್ರಂಥಾಲಯ ಇನ್ನೂ ಸಿಕ್ಕಿಲ್ಲ. ರಷ್ಯಾದ ಕ್ರಾಂತಿಯ ಹೊತ್ತಿಗೆ ಸರ್ಕಾರದ ಪಾಲಾದ, ಹಿಂದಿನ ರೆಬ್ಬೆಗಳ ಕಾಲದಿಂದ ಕೂಡಿಸಿದ್ದ ಸುಮಾರು 12,000 ಪುಸ್ತಕ. ಅವು ಮಾಸ್ಕೋದಲ್ಲಿವೆ. 2010ರಲ್ಲಿ ಅಮೆರಿಕದ ಕೋರ್ಟು ಅವನ್ನು ಮತ್ತು ಆರನೇ ರೆಬ್ಬೆಯ ಕಾಗದಪತ್ರಗಳನ್ನು ವಾಪಸ್ ಕೊಡಿ ಅಂದಿತು. ರಷ್ಯಾ ನಿಮ್ಮ ಕೋರ್ಟು ನಮಗೇನು ಅಂದಿತು. 2013ರಲ್ಲಿ ಕೋರ್ಟು ದಿನಕ್ಕೆ 50,000 ಡಾಲರ್ ದಂಡ ಹಾಕಿತು. ಅತ್ತ ರಷ್ಯಾ, ನಮ್ಮ ಚಿತ್ರಗಳನ್ನು ಜಪ್ತಿ ಮಾಡಿಬಿಟ್ಟಾರು ಅಂತ ಅಮೆರಿಕದ ಮ್ಯೂಸಿಯಂಗಳಿಗೆ ಕಲಾಕೃತಿ ಎರವಲು ಕೊಡೋದನ್ನು 2011ರಿಂದಲೇ ನಿಲ್ಲಿಸಿತ್ತು. ಪುಟಿನ್ ಒಂದು ನಡುದಾರಿ ಮಾಡಿ, ಪುಸ್ತಕಗಳನ್ನು ಮಾಸ್ಕೋದಲ್ಲೇ ಇರುವ ಯಹೂದಿ ಮ್ಯೂಸಿಯಂಗೆ ಸಾಗಿಸೋಕೆ ಹೇಳಿದರು. ಅಲ್ಲಿ ಯಾರು ಬೇಕಾದರೂ ಹೋಗಿ ಓದಬಹುದು. ಸ್ಕ್ಯಾನ್ ಕೂಡ ಮಾಡಿದ್ದಾರೆ.

ಸ್ಕ್ಯಾನ್ ಇದ್ದಮೇಲೆ ಇನ್ನೇನು ಜಗಳ ಅಂತ ನಮ್ಮಂಥವರು ಕೇಳುತ್ತೇವೆ. ಡೇಟಾ ಸಿಕ್ಕಿತು, ಬ್ಯಾಕಪ್ ಇದೆ, ಟಿಕೆಟ್ ಕ್ಲೋಸ್ ಮಾಡಿ. ನಮ್ಮ ಡೇಟಾಬೇಸ್ ಗೆಳೆಯನನ್ನು ಒಂದಿನ ಲಂಚಿನಲ್ಲಿ ಹೀಗೇ ಕೇಳಿದೆ. ದಿನವಿಡೀ ಬ್ಯಾಕಪ್ ತೆಗೆಯೋದೇ ಅವನ ಕೆಲಸ. ಅವನು ವಾದ ಮಾಡಲಿಲ್ಲ. ನೀನು 770ಕ್ಕೆ ಒಂದ್ಸಲ ಹೋಗಿ ಬಾ, ಅಲ್ಲಿನ ಗ್ರಂಥಾಲಯದಲ್ಲಿ ಬಾಲ್ ಶೆಮ್ ತೋವ್ ಅವರ ಪ್ರಾರ್ಥನೆ ಪುಸ್ತಕ ಇಟ್ಟುಕೊಂಡಿದ್ದಾರೆ, ಅದರ ಬಗ್ಗೆ ಕೇಳು ಅಂದ.

ನಾನು ಹೋಗಲಿಕ್ಕಾಗಲಿಲ್ಲ, ರಿಲೀಸ್ ಇತ್ತು, ಆಮೇಲೆ ವಾಪಸ್ ಬಂದೆ. ಆದರೆ ಅದರ ಬಗ್ಗೆ ಓದಿದೆ. ಕೈಬರಹದ ಪುಸ್ತಕ. 1760ರಲ್ಲಿ ಅವರು ತೀರಿಕೊಳ್ಳುವ ತನಕ ಅವರದ್ದಾಗಿದ್ದದ್ದು. ಅದರ ಪುಟಗಳಲ್ಲಿ ಪ್ರಾರ್ಥನೆಯ ಜೊತೆಗೆ ಶಿಷ್ಯರು, ಪರಿಚಯದವರು ತಮ್ಮ ತಮ್ಮ ಹೆಸರು ಬರೆದಿಟ್ಟಿದ್ದಾರೆ. ದಿನಾ ಓದುವಾಗ ಈ ಜಾಗಕ್ಕೆ ಬಂದರೆ ನನ್ನ ಹೆಸರು ಕಣ್ಣಿಗೆ ಬೀಳಲಿ, ನನಗೋಸ್ಕರವೂ ಒಂದು ಮಾತು ಹೇಳಲಿ ಅಂತ.